ತೋಳಿನ ಲಿಫ್ಟ್: ಹೊಲಿಗೆಯ ಗೆರೆ ಎಲ್ಲಿ ಬೀಳಬೇಕು, ಕಲೆ ಹೇಗೆ ಮಾಗುತ್ತದೆ

ತೂಕ ಬಹಳ ಇಳಿದ ಮೇಲೆ ರೆಟ್ಟೆಯಡಿ ಜೋತುಬಿದ್ದ ಚರ್ಮ ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಅದನ್ನು ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಕಂಕುಳಿನಿಂದ ಮೊಣಕೈ ಹತ್ತಿರದವರೆಗೆ ಒಂದು ಕಲೆ ಉಳಿಯುತ್ತದೆ. ಅದು ಮಾಗುತ್ತದೆ, ಅಳಿಯುವುದಿಲ್ಲ. ಆದ್ದರಿಂದ ಬ್ರಾಕಿಯೋಪ್ಲಾಸ್ಟಿಗೆ (ಈ ತೋಳಿನ ಲಿಫ್ಟ್ ಶಸ್ತ್ರಚಿಕಿತ್ಸೆಗೆ) ಒಪ್ಪುವ ಮುಂಚೆಯೇ ಗೆರೆಯ ಜಾಗ ತೀರ್ಮಾನವಾಗಬೇಕು.

ಜಾಗ ಮುಖ್ಯವಾಗಿ ಎರಡು. ಒಂದು, ತೋಳಿನ ಮುಂದಿನ ಸ್ನಾಯು ಬೈಸೆಪ್ಸ್ ಮತ್ತು ಹಿಂದಿನ ಸ್ನಾಯು ಟ್ರೈಸೆಪ್ಸ್ ನಡುವೆ ಒಳತೋಳಿನಲ್ಲಿ ಸಾಗುವ ತಗ್ಗು. ಕೈ ಇಳಿಬಿಟ್ಟಾಗ ಇಲ್ಲಿನ ಕಲೆ ಮರೆಯಾಗುತ್ತದೆ, ಕೈ ಎತ್ತಿದರೆ ಕಾಣುತ್ತದೆ. ಇನ್ನೊಂದು, ತೋಳಿನ ಹಿಂಬದಿ. ಕನ್ನಡಿಯಲ್ಲಿ ನಿಮಗೆ ಕಾಣದು, ಹಿಂದೆ ನಿಂತವರಿಗೆ ಕಾಣುತ್ತದೆ. ಯಾರ ಕಣ್ಣಿಗೆ ಬಿದ್ದರೆ ನಿಮಗೆ ಹೆಚ್ಚು ಮುಜುಗರ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ನೀವು ಹೆಚ್ಚಾಗಿ ತೊಡುವ ತೋಳಿನ ಅಳತೆಯ ಬ್ಲೌಸನ್ನೇ ಸಮಾಲೋಚನೆಗೆ ಹಾಕಿಕೊಂಡು ಹೋಗಿ. ಕನ್ನಡಿ ಮುಂದೆ ಕೈ ಎತ್ತಿ ಇಳಿಸಿ ನೋಡಿ. ಕಂಕುಳಿನ ಮಡಿಕೆಯೊಳಗೆ ಮುಗಿಯುವ ಚಿಕ್ಕ ಗೆರೆ ಸಾಕಾಗುವುದು, ಸಡಿಲವಾದ ಚರ್ಮ ತೋಳಿನ ಮೇಲ್ಭಾಗದಲ್ಲಷ್ಟೇ, ಅದೂ ಸ್ವಲ್ಪವೇ ಇದ್ದಾಗ.

ಗುರುತು ಹಾಕುವುದು ಎಚ್ಚರವಿದ್ದಾಗಲೇ: ತೋಳು ಪಕ್ಕಕ್ಕೆ 90 ಡಿಗ್ರಿ ಚಾಚಿ, ಮೊಣಕೈ ಮಡಿಸಿ. ಸರ್ಜನ್ ಮೊದಲು ಕಲೆ ಕೊನೆಗೆ ನಿಲ್ಲಬೇಕಾದ ಗೆರೆ ಎಳೆದು, ಚರ್ಮ ಚಿವುಟಿ ಎಷ್ಟು ತೆಗೆಯಬಹುದೆಂದು ಅಳೆಯುತ್ತಾರೆ. ಇಲ್ಲಿ ದುರಾಸೆ ಬೇಡ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ತೋಳು ಊದುತ್ತದೆ. ಹೆಚ್ಚು ಕತ್ತರಿಸಿದ್ದರೆ ಅಂಚುಗಳು ಕೂಡುವುದೇ ಕಷ್ಟ. ಅದಕ್ಕೇ ಅನುಭವಿಗಳು ಒಂದೊಂದೇ ಭಾಗ ಕತ್ತರಿಸಿ, ಅಲ್ಲಲ್ಲೇ ಮುಚ್ಚುತ್ತ ಸಾಗುತ್ತಾರೆ.

ಕಲೆ ಅಗಲವಾಗಲು ದೊಡ್ಡ ಕಾರಣ ಎಳೆತ. ಒಳತೋಳಿನ ಚರ್ಮ ತೆಳು. ಭಾರವನ್ನು ಕೊಬ್ಬಿನ ನಡುವಿನ ತಂತುಪೊರೆಯ ಹೊಲಿಗೆ ಹೊರಬೇಕೇ ಹೊರತು ಚರ್ಮ ಹೊರಬಾರದು. ಗೆರೆ ಕಂಕುಳನ್ನು ನೇರವಾಗಿ ದಾಟಿದರೆ ಕಲೆ ಹಗ್ಗದಂತೆ ಬಿಗಿದು ಕೈ ಎತ್ತಲು ಅಡ್ಡಿಯಾಗುತ್ತದೆ. ಅಲ್ಲಿ ಝಡ್ ಆಕಾರದ ತಿರುವು ಕೊಡುವುದು ಇದಕ್ಕಾಗಿಯೇ. ಒಳತೋಳಿನ ಕೆಳ ಅರ್ಧದಲ್ಲಿ ಮುಂಗೈಗೆ ಸ್ಪರ್ಶಜ್ಞಾನ ಕೊಡುವ ನರ ಬೆಸಿಲಿಕ್ ಎಂಬ ರಕ್ತನಾಳದ ಜೊತೆ ಆಳದಿಂದ ಚರ್ಮದ ಹತ್ತಿರಕ್ಕೆ ಬರುತ್ತದೆ. ಅಲ್ಲಿ ಸ್ನಾಯು ಸುತ್ತಿದ ಆಳದ ಪೊರೆಯ ಮೇಲೆ ಸುಮಾರು 1 ಸೆಂ.ಮೀ. ಕೊಬ್ಬು ಉಳಿಸದಿದ್ದರೆ ಮುಂಗೈ ಒಳಬದಿ ಮರಗಟ್ಟಬಹುದು. ಹಿಂಬದಿಯ ಗೆರೆ ಈ ನರದಿಂದ ದೂರ.

ಮೊದಲ ವಾರಗಳಲ್ಲಿ ಹೊಲಿಗೆ ಬಿರಿಯುವುದು ಹೆಚ್ಚಾಗಿ ಕಂಕುಳಿನ ಬಳಿ, ಬೆವರು ಮತ್ತು ಚಲನೆಯಿಂದ. ಆ ಜಾಗ ಒಣಗಿರಲಿ, ಸುಮಾರು 4ರಿಂದ 6 ವಾರ ಭಾರ ಎತ್ತಬೇಡಿ, ಸರ್ಜನ್ ಹೇಳಿದಷ್ಟು ದಿನ ಒತ್ತುತೋಳು (ತೋಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉಡುಪು) ಹಾಕಿ. ಧೂಮಪಾನಿಗಳು ಕನಿಷ್ಠ 4 ವಾರ ಮೊದಲೇ ಬಿಡಲಿ. ಅಂಚಿಗೆ ರಕ್ತ ಸಾಲದೆ ಹೊಲಿಗೆಯ ಬಳಿಯ ಚರ್ಮ ಸಾಯುವುದು ಅವರಲ್ಲಿ ಹೆಚ್ಚು.

ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಕಲೆಗೆ ಅಂಟಿಸುವ ಸಿಲಿಕೋನ್ ಹಾಳೆ: ದಿನಕ್ಕೆ 12 ಗಂಟೆಗೂ ಹೆಚ್ಚು, 2-3 ತಿಂಗಳು. ಬಿಸಿಲು ತಾಗಿದರೆ ನಮ್ಮ ಮೈಬಣ್ಣದಲ್ಲಿ ಕಲೆ ಬೇಗ ಕಪ್ಪಾಗುತ್ತದೆ, ಮುಚ್ಚಿಕೊಳ್ಳಿ. ಮೊದಲ ತಿಂಗಳುಗಳಲ್ಲಿ ಅದು ಕೆಂಪಾಗಿ, ಗಟ್ಟಿಯಾಗಿ ಕಂಡರೆ ಗಾಬರಿ ಬೇಡ. ಆದರೆ ಉಬ್ಬಿ, ತುರಿಸುತ್ತ, ಹೊಲಿಗೆಯ ಗಡಿ ಮೀರಿ ಹರಡಿದರೆ ಅದು ಕೀಲಾಯ್ಡ್ ಇರಬಹುದು. ತಡಮಾಡದೆ ತೋರಿಸಿ, ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಬೇಕಾಗಬಹುದು. ಕಿವಿ ಚುಚ್ಚಿದಲ್ಲಿ ಎಂದಾದರೂ ಹಾಗೆ ಗಂಟು ಬೆಳೆದಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿ. ಅಗಲವಾದ ಕಲೆಯನ್ನು ತಿದ್ದಿಸುವ ಮಾತು 12 ತಿಂಗಳು ಕಳೆದ ಮೇಲೆ, ಚರ್ಮ ಮೆತ್ತಗಾದ ನಂತರ.