ಕಾರಿನ ಸಿಂಥೆಟಿಕ್ ಆಯಿಲ್ ಬೈಕಿಗೆ ಹಾಕಿ ಕಲಿತದ್ದು

ಭಾವನ ಕಾರಿಗೆ ಆಯಿಲ್ ಬದಲಿಸಿದ ಮೇಲೆ ಡಬ್ಬದಲ್ಲಿ ಒಂದು ಲೀಟರ್‌ನಷ್ಟು ಉಳಿದಿತ್ತು. ಫುಲ್ಲಿ ಸಿಂಥೆಟಿಕ್, ದಪ್ಪದ ಗ್ರೇಡು 5ಡಬ್ಲ್ಯು-30. ನನ್ನ ಹಳೇ 150 ಸಿಸಿ ಪಲ್ಸರ್‌ಗೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಇಷ್ಟು ದುಬಾರಿ ಆಯಿಲ್ ಸುಮ್ನೆ ಯಾಕೆ ಮೂಲೆಯಲ್ಲಿ ಕೂರಬೇಕು ಅಂತ ನಾನೇ ಸುರಿದುಕೊಂಡೆ.

ಎರಡು ದಿನ ಬೈಕು ಬೆಣ್ಣೆಯ ಹಾಗೆ ಓಡಿತು. ಭಾನುವಾರ ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕಿತ್ತು. ಹಿಂದೆ ಹೆಂಡತಿ, ಜೊತೆಗೊಂದು ಬ್ಯಾಗು. 14 ತಿರುವುಗಳಲ್ಲಿ ನಾಲ್ಕನೆಯದೋ ಐದನೆಯದೋ ಇರಬೇಕು, ಎಕ್ಸಲರೇಟರ್ ತಿರುವಿದರೆ ಎಂಜಿನ್ ಕೂಗುತ್ತದೆ, ಬೈಕು ಮಾತ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ನಿಂತು, ತಣ್ಣಗಾಗಲು ಬಿಟ್ಟು, ಮತ್ತೆ ಹೊರಟು, ಹೇಗೋ ಮೇಲೆ ಬಂದೆವು.

ಮರುದಿನ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: "ಯಾವ ಆಯಿಲ್ ಹಾಕಿದ್ರಿ?"

ಕಾರಿನಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಿಂದ ಹೊರಗೇ ಇರುತ್ತದೆ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲಿ ಅಂತ ಕಾರಿನ ಎಷ್ಟೋ ಆಯಿಲ್‌ಗಳಿಗೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸುತ್ತಾರೆ. ಕ್ಲಚ್ ಹಿಡಿಯಬೇಕಾದರೆ ಘರ್ಷಣೆಯೇ ಬೇಕು, ಅಲ್ವಾ? ಡಬ್ಬದ ಹಿಂದೆ ಎಪಿಐ (ಆಯಿಲ್ ಗುಣಮಟ್ಟ ಗುರುತಿಸುವ ಅಮೆರಿಕದ ಸಂಸ್ಥೆ) ಗುಂಡು ಮುದ್ರೆಯಲ್ಲಿ 'ರಿಸೋರ್ಸ್ ಕನ್ಸರ್ವಿಂಗ್', ಅಂದರೆ ಇಂಧನ ಉಳಿಸುವ ಬಗೆಯದು, ಅಂತ ಬರೆದೇ ಇತ್ತು. ನಾನು ಮುಂದಿನ ದಪ್ಪಕ್ಷರ ಮಾತ್ರ ಓದಿದ್ದೆ.

ಪುಣ್ಯಕ್ಕೆ ಪ್ಲೇಟು ಪೂರ್ತಿ ಸುಟ್ಟಿರಲಿಲ್ಲ. ಕಾರಿನ ಆಯಿಲ್ ಇಳಿಸಿ, ಒಳಗೆ ಅಂಟಿದ್ದೂ ತೊಳೆದು ಹೋಗಲಿ ಅಂತ ಅಗ್ಗದ ಬೈಕ್ ಆಯಿಲ್ ಹಾಕಿ 300 ಕಿ.ಮೀ. ಓಡಿಸಿ, ಅದನ್ನೂ ಇಳಿಸಿದೆವು. ಕ್ಲಚ್ ಸರಿಯಾಯಿತು.

ಆಮೇಲೆ ಸಿಂಥೆಟಿಕ್ಕನ್ನೇ ಹಾಕಿದೆ, ಆದರೆ ಆರಿಸಿದ ರೀತಿ ಬೇರೆ. ಮೊದಲು ನೋಡಿದ್ದು 'ಜಾಸೊ ಎಂಎ2'. ಇದು ಒದ್ದೆ ಕ್ಲಚ್ಚಿನ, ಅಂದರೆ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ, ಬೈಕಿಗೆ ಆಗುತ್ತದೆ ಅನ್ನುವ ಜಪಾನಿನ ಮಾನದಂಡದ ಗುರುತು. ಗೇರಿಲ್ಲದ ಸ್ಕೂಟರಿಗಾದರೆ 'ಎಂಬಿ'. ಆಮೇಲೆ ಆಯಿಲ್‌ನ ದಪ್ಪ. ನನ್ನ ಮ್ಯಾನ್ಯುವಲ್ ಹೇಳುವುದು 20ಡಬ್ಲ್ಯು-50. ನಾನು ತಂದದ್ದು 15ಡಬ್ಲ್ಯು-50. ಕೊನೆಯ 50 ಬಿಸಿ ಎಂಜಿನ್‌ನಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವುದರ ಲೆಕ್ಕ, ಅದನ್ನು ಬದಲಿಸಲಿಲ್ಲ. ಮೊದಲಿನ ಅಂಕಿ ಚಳಿಯಲ್ಲಿ ಹರಿಯುವುದಕ್ಕೆ ಸಂಬಂಧಿಸಿದ್ದು, ಅದು ಸ್ವಲ್ಪ ಕಡಿಮೆಯಾದರೆ ತೊಂದರೆಯಿಲ್ಲ. ಶಿವಮೊಗ್ಗದ ಚಳಿಗೆ 0ಡಬ್ಲ್ಯು ಹುಡುಕುವುದು ದುಡ್ಡು ದಂಡ.

ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್ (ಸಾಮಾನ್ಯ ಅಗ್ಗದ ಆಯಿಲ್) ಹಾಕಬಾರದು ಅನ್ನುತ್ತಾರಲ್ಲ, ಅದು ಸುಳ್ಳು.

ಮೈಲೇಜ್ ಜಾಸ್ತಿ ಆಯಿತಾ? ನನಗಂತೂ ಕಾಣಲಿಲ್ಲ. ಆದರೆ ಬಿಸಿ ಎಂಜಿನ್‌ನಲ್ಲಿ, ಸಿಗ್ನಲ್ ಹತ್ತಿರ ನ್ಯೂಟ್ರಲ್ ಈಗ ಒಂದೇ ಸಲಕ್ಕೆ ಬೀಳುತ್ತದೆ. ಹಳೇ ಗ್ಯಾಸ್ಕೆಟ್ ಪಕ್ಕ ಸ್ವಲ್ಪ ಜಿನುಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಮಟ್ಟ ನೋಡುತ್ತೇನೆ. ಹೆಂಡತಿ ಮಾತ್ರ ಸೋಮೇಶ್ವರ ಬಂದ ಕೂಡಲೇ ಈಗಲೂ ಕೇಳುತ್ತಾಳೆ, "ಈ ಸಲ ಆಯಿಲ್ ಯಾರದ್ದು?"