ಹಳೇ ಮೋಟರ್ ಯಾಟ್ ಕೊಳ್ಳುವ ಮುಂಚೆ ನೀರಿನ ದಾರಿ ಹುಡುಕಿ

ಸಿಯಾಟಲ್‌ನ ಲೇಕ್ ಯೂನಿಯನ್ ಸರೋವರದ ದಂಡೆಯಲ್ಲಿ ಕಟ್ಟಿಹಾಕಿದ್ದ 36 ಅಡಿಯ 'ಗ್ರ್ಯಾಂಡ್ ಬ್ಯಾಂಕ್ಸ್' ಎಂಬ ಮೋಟರ್ ಯಾಟ್ ಅದು. ಹೊರಗೆ ವಾರ್ನಿಷ್ ಫಳಫಳ ಹೊಳೆಯುತ್ತಿತ್ತು. ಒಳಗೆ ಹೋಗಿ ಕಿಟಕಿಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಮರ ನೆನೆದ ಅವಲಕ್ಕಿಯ ಹಾಗೆ ತಗ್ಗಿತು. ಅದನ್ನು ಬಿಟ್ಟು ಬಂದೆ. ಮೂರು ತಿಂಗಳ ಮೇಲೆ ಕೊಂಡ ದೋಣಿ ಅದರ ಅರ್ಧದಷ್ಟೂ ಚೆಂದ ಇರಲಿಲ್ಲ. ಆದರೆ ಒಳಗೆ ಒಣಗಿತ್ತು.

ಕಡಿಮೆ ದುಡ್ಡಿನಲ್ಲಿ ಹಳೇ ಯಾಟ್ ಕೊಳ್ಳುವವರು ಮೊದಲು ಹುಡುಕಬೇಕಾದ್ದು ನೀರಿನ ದಾರಿ. ಉಪ್ಪುನೀರು ಲೋಹ ತಿನ್ನುತ್ತದೆ, ಮಳೆನೀರು ಮರ ತಿನ್ನುತ್ತದೆ. ನಮ್ಮ ಗಂಗೊಳ್ಳಿ ಕಡೆ ಮಳೆಗಾಲದಲ್ಲಿ ದೋಣಿ ಮೇಲಕ್ಕೆಳೆದು ತೆಂಗಿನ ಗರಿಯ ಮಾಡು ಹಾಕುವುದು ಸುಮ್ನೆ ಅಲ್ಲ.

ಯಾವ ದೋಣಿ?

ವೇಗದ ಆಸೆ ಬಿಡಿ. ಏಳು ನಾಟ್ ವೇಗದಲ್ಲಿ (ಗಂಟೆಗೆ ಸುಮಾರು 13 ಕಿ.ಮೀ.) ನಿಧಾನವಾಗಿ ಸಾಗುವ 'ಟ್ರಾಲರ್' ಮಾದರಿಯ ದೋಣಿಯೇ ಬಡವರ ಯಾಟ್. ಅಮೆರಿಕನ್ ಮರೀನ್ ಕಂಪನಿ 1960ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಟ್ಟಲು ಶುರುಮಾಡಿದ ಗ್ರ್ಯಾಂಡ್ ಬ್ಯಾಂಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 1973ರ ತನಕ ಅವು ಮರದವು, ಆಮೇಲೆ ಫೈಬರ್‌ಗ್ಲಾಸ್. ಮರದ್ದು ತುಂಬಾ ಅಗ್ಗಕ್ಕೆ ಸಿಗುತ್ತದೆ. ಬಡಗಿ ಕೆಲಸ ಬಾರದವರು ಅದರ ಹತ್ತಿರ ಹೋಗಬೇಡಿ.

ಎರಡು ಇಂಜಿನ್ ಇರುವುದಕ್ಕಿಂತ ಒಂದೇ ಇಂಜಿನ್ ಇರುವುದನ್ನು ಹುಡುಕಿ. ಖರ್ಚೂ ಅರ್ಧ, ಇಂಜಿನ್ ಪಕ್ಕ ಕೂತು ಕೆಲಸ ಮಾಡಲು ಜಾಗವೂ ಜಾಸ್ತಿ. ಇಂಥ ಬಹಳಷ್ಟು ದೋಣಿಗಳಲ್ಲಿ ಇರುವುದು 120 ಅಶ್ವಶಕ್ತಿಯ ಫೋರ್ಡ್ ಲೇಮನ್ ಡೀಸೆಲ್. ಇಂಗ್ಲೆಂಡಿನ ಫೋರ್ಡ್ ಲಾರಿ ಇಂಜಿನ್ನನ್ನೇ ನೀರಿಗೆ ಒಗ್ಗಿಸಿದ್ದು. ಆರು ಸಿಲಿಂಡರ್, ಕಂಪ್ಯೂಟರ್ ಇಲ್ಲ, ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಲಾರಿ ರಿಪೇರಿ ಗೊತ್ತಿದ್ದವರಿಗೆ ಇದೇನೂ ಹೊಸದಲ್ಲ.

ದುಡ್ಡಿನ ಲೆಕ್ಕ

ಕೈಯಲ್ಲಿ 60 ಸಾವಿರ ಡಾಲರ್ ಇದ್ದರೆ 40 ಸಾವಿರದ ದೋಣಿ ನೋಡಿ. ಉಳಿದದ್ದು ಮೊದಲ ವರ್ಷದ ರಿಪೇರಿಗೆ ಬೇಕೇ ಬೇಕು. ಇನ್ನೊಂದು ಮಾತು. ದೋಣಿ ಕಟ್ಟಿಹಾಕುವ ಜಾಗದ ಬಾಡಿಗೆ ಅಡಿ ಲೆಕ್ಕದಲ್ಲಿ ಬರುತ್ತದೆ, ದೋಣಿಯ ಬೆಲೆ ನೋಡಿ ಅಲ್ಲ. ಅಗ್ಗದ 36 ಅಡಿಗೂ ದುಬಾರಿ 36 ಅಡಿಗೂ ಅಷ್ಟೇ ಬಾಡಿಗೆ. ಹಾಗಾಗಿ ಎರಡು ಅಡಿ ಚಿಕ್ಕದಾದರೆ ಪ್ರತಿ ತಿಂಗಳೂ ಉಳಿತಾಯ.

ಅಮೆರಿಕದಲ್ಲಿರುವ ಕನ್ನಡಿಗರು ಕಾಗದಪತ್ರದ ವಿಷಯ ತಿಳಿದಿರಬೇಕು. ಅಲ್ಲಿನ ಕೋಸ್ಟ್ ಗಾರ್ಡ್‌ನಲ್ಲಿ (ಕರಾವಳಿ ಕಾವಲು ಪಡೆ) ದೋಣಿ ದಾಖಲಿಸಲು ಆ ದೇಶದ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ಪೌರತ್ವ ಇಲ್ಲದವರು ರಾಜ್ಯದಲ್ಲಿ ನೋಂದಣಿ ಮಾಡಿಸಬೇಕು. ಮುಂಗಡ ಕೊಡುವ ಮೊದಲೇ ಇದನ್ನು ವಿಚಾರಿಸಿ.

ಬಡಿದು ನೋಡಿ

ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್‌ನನ್ನು ಕರೆಯುವ ಮೊದಲು ನೀವೇ ಅರ್ಧ ದಿನ ಕಳೆಯಿರಿ. ಬೇಕಾದ್ದು ಟಾರ್ಚ್ ಮತ್ತು ಒಂದು ಸಣ್ಣ ಪ್ಲಾಸ್ಟಿಕ್ ಸುತ್ತಿಗೆ. ಡೆಕ್ (ದೋಣಿಯ ಮೇಲ್ಹಾಸು) ಎಂದರೆ ಸಾಮಾನ್ಯವಾಗಿ ಎರಡು ಫೈಬರ್ ಪದರ, ನಡುವೆ ಹಗುರ ಮರ. ಮಂಡಿಯೂರಿ ಅಂಗೈ ಅಗಲಕ್ಕೊಂದರಂತೆ ಬಡಿಯುತ್ತಾ ಹೋಗಿ. ಹಲಸು ಹಣ್ಣಾಗಿದೆಯೇ ಎಂದು ಬಡಿದು ನೋಡುತ್ತೇವಲ್ಲ, ಹಾಗೇ. 'ಟಕ್ ಟಕ್' ಎಂದರೆ ಗಟ್ಟಿ. 'ಡಬ್' ಎಂದರೆ ನಡುವಿನ ಮರ ನೆನೆದಿರಬಹುದು. ಆ ಜಾಗಕ್ಕೆಲ್ಲ ಪೇಂಟರ್ ಟೇಪ್ ಅಂಟಿಸಿ. ಕಡೆಗೆ ಎದ್ದು ನಿಂತು ನೋಡಿದರೆ ಟೇಪ್‌ಗಳು ಕಂಬಿಯ ಬುಡ, ಹಗ್ಗ ಕಟ್ಟುವ ಕೊಂಡಿ, ಡೀಸೆಲ್ ತುಂಬುವ ಬಾಯಿ, ಇವುಗಳ ಸುತ್ತಲೇ ಗುಂಪಾಗಿರುತ್ತವೆ. ಸ್ಕ್ರೂ ಹೊಡೆದ ತೂತೇ ನೀರಿನ ಬಾಗಿಲು.

ಮೇಲೆ ತೇಗದ ಹಲಗೆ ಹಾಸಿದ್ದರೆ ಇನ್ನೂ ಜಾಗ್ರತೆ. ಆ ಕಾಲದಲ್ಲಿ ಹಲಗೆಗಳನ್ನು ಸಾವಿರಾರು ಸ್ಕ್ರೂಗಳಿಂದ ಕೂರಿಸುತ್ತಿದ್ದರು. ಸ್ಕ್ರೂ ತಲೆ ಮುಚ್ಚಿದ ಮರದ ಬಿರಡೆಗಳು ಎದ್ದು ಬಂದಿದ್ದರೆ ಹಲಗೆ ಸವೆದು ತೆಳುವಾಗಿದೆ ಎಂದರ್ಥ.

ಡೀಸೆಲ್ ಬಾಯಿಯ ಕೆಳಗೆ ಸಾಮಾನ್ಯವಾಗಿ ಕಬ್ಬಿಣದ ಟ್ಯಾಂಕ್ ಇರುತ್ತದೆ. ಮೇಲಿಂದ ಸೋರಿದ ನೀರು ಅದರ ನೆತ್ತಿಯ ಮೇಲೆ ನಿಂತು ತುಕ್ಕು ಹಿಡಿಸುತ್ತದೆ. ಟ್ಯಾಂಕ್ ಬದಲಿಸಲು ಕೆಲವೊಮ್ಮೆ ಇಂಜಿನ್ನನ್ನೇ ಎತ್ತಬೇಕು. ಟ್ಯಾಂಕ್ ಹೋಗಿದ್ದರೆ ನಾನಂತೂ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳುವುದಿಲ್ಲ.

ಇಷ್ಟರಲ್ಲಿ ಪಾಸಾದ ದೋಣಿಗೆ ಮಾತ್ರ ಸರ್ವೇಯರ್ ದುಡ್ಡು ಕೊಡಿ. ಸರ್ವೇಯರ್ ನಿಮ್ಮವನೇ ಆಗಿರಲಿ, ಮಾರುವವರು ತೋರಿಸಿದವನು ಬೇಡ. ಕ್ರೇನ್‌ನಲ್ಲಿ ಎತ್ತಿಸಿ ತಳ ನೋಡಬೇಕು, ನೀರಿನಲ್ಲಿ ಓಡಿಸಿ ನೋಡಬೇಕು. ಇಂಜಿನ್ ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಆಗಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ವಿಮೆ ಕಂಪನಿಯೂ ಹಳೇ ದೋಣಿಗೆ ಈ ವರದಿ ಕೇಳುತ್ತದೆ.

ಕೊಂಡ ಮೇಲೆ

ಮೊದಲು ದೋಣಿ ಮುಳುಗದಂತೆ ನೋಡಿಕೊಳ್ಳಿ. ನೀರಿನ ಮಟ್ಟದ ಕೆಳಗಿರುವ ಪ್ರತಿ ವಾಲ್ವನ್ನೂ ತಿರುಗಿಸಿ ನೋಡಿ. ಹಿತ್ತಾಳೆಯದ್ದಾಗಿದ್ದು ಕೆರೆದಾಗ ನಸುಗೆಂಪು ಬಣ್ಣ ಕಂಡರೆ ಅದರೊಳಗಿನ ಸತು ಕರಗಿಹೋಗಿದೆ. ಸುತ್ತಿಗೆಯ ಒಂದು ಏಟಿಗೆ ಮುರಿಯಬಹುದು. ಆ ಜಾಗಕ್ಕೆ ಕಂಚಿನದ್ದು ಹಾಕಿ. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್‌ಗೆ ಸತುವಿನ ಗಟ್ಟಿ ಕಟ್ಟಿರುತ್ತಾರೆ, ಅದು ತಾನು ಸವೆದು ಉಳಿದ ಲೋಹ ಕಾಯುತ್ತದೆ. ಅರ್ಧ ಸವೆದಿದ್ದರೆ ಬದಲಿಸಿ. ಲೇಕ್ ಯೂನಿಯನ್‌ನಂಥ ಸಿಹಿನೀರಿನಲ್ಲಿ ಸತು ಸರಿಯಾಗಿ ಕೆಲಸ ಮಾಡದು, ಮೆಗ್ನೀಸಿಯಂ ಬೇಕು.

ಆಮೇಲೆ ಇಂಜಿನ್. ಆಯಿಲ್, ಫಿಲ್ಟರ್, ಬೆಲ್ಟ್, ಪೈಪು ಎಲ್ಲ ಹೊಸದು. ತಂಪಿನ ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ತೆಗೆದಾಗ ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಆ ತುಂಡು ಮುಂದೆ ಪೈಪಿನಲ್ಲೋ ಇಂಜಿನ್ನಿನ ಶಾಖ ಹೊರಹಾಕುವ ಹೀಟ್ ಎಕ್ಸ್‌ಚೇಂಜರ್‌ನಲ್ಲೋ ಸಿಕ್ಕಿಕೊಂಡಿರುತ್ತದೆ, ಹುಡುಕಿ ತೆಗೆಯಲೇಬೇಕು. ಫೋರ್ಡ್ ಲೇಮನ್‌ನ ಸಿಮ್ಸ್ ಡೀಸೆಲ್ ಪಂಪಿಗೆ ಬೇರೆಯೇ ಆಯಿಲ್ ಇದೆ. ಅದನ್ನು 50 ಗಂಟೆಗೊಮ್ಮೆ ಬದಲಿಸಬೇಕು. ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ.

ಡೆಕ್‌ನ 'ಡಬ್' ಜಾಗಗಳಿಗೆ ತೂತು ಕೊರೆದು ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಸುರಿಯಿರಿ ಎಂದು ಹೇಳುವವರು ಸಿಗುತ್ತಾರೆ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ. ಮೇಲಿನ ಪದರ ಕೊಯ್ದು, ಕೊಳೆತದ್ದು ಕೆರೆದು, ವಾರಗಟ್ಟಲೆ ಒಣಗಿಸಿ, ಹೊಸ ಮರ ಕೂರಿಸಿ ಮತ್ತೆ ಫೈಬರ್ ಹಾಕುವುದೇ ದಾರಿ. ಮಾಸ್ಕ್ ಇಲ್ಲದೆ ಫೈಬರ್ ಉಜ್ಜಬೇಡಿ.

ಕಿಟಕಿಗಳಿಗೆ ಸುಲಭದ ಪರೀಕ್ಷೆ ಇದೆ. ಒಳಗೆ ಪ್ರತಿ ಮೂಲೆಗೂ ಟಿಶ್ಯೂ ಪೇಪರ್ ಸಿಕ್ಕಿಸಿ. ಹೊರಗೆ ಒಬ್ಬರು ಪೈಪಿನಿಂದ ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಕಿಟಕಿಗೆ ನೀರು ಬಿಡಲಿ. ಯಾವ ಕಾಗದ ಮೊದಲು ಒದ್ದೆಯಾಯಿತೋ ಅಲ್ಲಿಂದ ಶುರುಮಾಡಿ. ಎಲ್ಲ ಮುಗಿಯಿತು ಅನಿಸಿದ ಮೇಲೆ ಒಂದು ಜೋರು ಮಳೆಯ ರಾತ್ರಿ ದೋಣಿಯಲ್ಲೇ ಮಲಗಿ. ನಡುರಾತ್ರಿ ಎದ್ದು ಟಾರ್ಚ್ ಹಿಡಿದು ಎಲ್ಲ ಮೂಲೆಗೂ ಬೆರಳಿಡಿ. ಬೆರಳು ಒಣಗಿದ್ದರೆ ಬೆಳಿಗ್ಗೆ ಹೋಗಿ ವಾರ್ನಿಷ್ ಡಬ್ಬಿ ತನ್ನಿ.