ಪೆಟ್ಟು ಬಿದ್ದ ಗಳಿಗೆಯಿಂದ ಮತ್ತೆ ಕಣಕ್ಕಿಳಿಯುವ ದಿನದವರೆಗೆ

ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಸುಕಿನಲ್ಲಿ ಸೈಕಲ್ ತುಳಿಯುವ ಹುಡುಗರನ್ನು ಕಂಡವರಿಗೆ, ನಮ್ಮ ಭಾಗದಲ್ಲಿ ಸೈಕ್ಲಿಂಗ್ ಎಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ನಾನೂ ಅಂಥ ಹುಡುಗರಲ್ಲಿ ಒಬ್ಬನಾಗಿದ್ದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಬ್ಬಿನ ಹಂಗಾಮಿನ ಒಂದು ಬೆಳಗ್ಗೆ, ದೀಪವಿಲ್ಲದೆ ರಸ್ತೆಬದಿಗೆ ನಿಂತಿದ್ದ ಟ್ರೇಲರನ್ನು ತಪ್ಪಿಸಲು ಹೋಗಿ ಬಲ ಭುಜದ ಮೇಲೆ ಬಿದ್ದೆ, ಕೊರಳೆಲುಬು (ಕಾಲರ್ ಬೋನ್) ಮುರಿಯಿತು. ಐದನೆಯ ವಾರಕ್ಕೆ ನೋವು ಪೂರ್ತಿ ನಿಂತಿತು. ಅವ್ವ ಬೇಡವೆಂದಾಗ ನಾನು ಕೊಟ್ಟ ಉತ್ತರ ಇನ್ನೂ ನೆನಪಿದೆ: "ನೋಯಂಗಿಲ್ಲ ಅಂದ ಮ್ಯಾಲ ಮನ್ಯಾಗ ಯಾಕ ಕುಂದರಲಿ?" ಆರನೆಯ ವಾರ ಸೈಕಲ್ ಹತ್ತಿದೆ. ಒಂದು ಸಣ್ಣ ತಗ್ಗಿನಲ್ಲಿ ಗಾಲಿ ಜಾರಿತು. ನಡೆದು ಹೋಗುವವರಿಗಿಂತ ಹೆಚ್ಚಿನ ವೇಗವೇನೂ ಇರಲಿಲ್ಲ, ಆದರೂ ಅದೇ ಎಲುಬು ಅದೇ ಜಾಗದಲ್ಲಿ ಮತ್ತೆ ಮುರಿಯಿತು. ಎರಡನೆಯ ಸಲ ಪ್ಲೇಟು, ಸ್ಕ್ರೂ ಹಾಕಿಸಬೇಕಾಯಿತು. ಒಂದು ವರ್ಷದ ಸ್ಪರ್ಧೆಗಳೆಲ್ಲ ಕೈತಪ್ಪಿದವು.

ಅಂದಿನಿಂದ ನಾನು ಗಾಯಗಳನ್ನು ನೋಡುವ ರೀತಿ ಬದಲಾಗಿದೆ. ನೋವು ಮೊದಲು ಹೋಗುತ್ತದೆ, ಬಲ ಬಹಳ ತಡವಾಗಿ ಬರುತ್ತದೆ, ಇವೆರಡರ ನಡುವಿನ ವಾರಗಳಲ್ಲಿಯೇ ಹೆಚ್ಚಿನವರು ಎರಡನೆಯ ಸಲ ಪೆಟ್ಟು ತಿನ್ನುತ್ತಾರೆ. ಈಗ ಹುಡುಗರಿಗೆ ಸೈಕ್ಲಿಂಗ್ ಕಲಿಸುವ ನಾನು, ಅವರಿಗೆ ಹೇಳುವ ಮಾತುಗಳನ್ನೇ ತಾಲೀಮಿನ ಪೈಲ್ವಾನರಿಗೂ ಮನೆಯಲ್ಲಿ ಜಾರಿ ಬಿದ್ದ ಹಿರಿಯರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಗಂಟೆ

ಬಿದ್ದವರನ್ನು ಕಂಡ ಕೂಡಲೇ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸುವುದು ನಮ್ಮ ಜನರ ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪು. ಕುತ್ತಿಗೆ ಅಥವಾ ಬೆನ್ನೆಲುಬಿನ ಮೇಲೆ ನೋವಿದೆ ಎಂದರೆ, ಕೈಕಾಲು ಜೋಮು ಹಿಡಿದಿವೆ ಎಂದರೆ, ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಕಾಯಬೇಕು. ತಲೆಗೆ ಪೆಟ್ಟಾಗಿ ಕ್ಷಣ ಹೊತ್ತಾದರೂ ಎಚ್ಚರ ತಪ್ಪಿದ್ದರೆ, ಮಾತು ತೊದಲಿದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಆ ಆಟಗಾರ ಆ ದಿನ ಮತ್ತೆ ಕಣಕ್ಕೆ ಇಳಿಯಲೇಬಾರದು, ಅವನು ಎಷ್ಟೇ ಹಟ ಹಿಡಿದರೂ ಸರಿಯೇ. ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರು, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಒಯ್ಯಬೇಕು. ಏನೂ ಕಾಣದಿದ್ದರೂ ಮೊದಲ ಒಂದೆರಡು ದಿನ ಅವನ ಜೊತೆ ಒಬ್ಬರು ಇರಬೇಕು. ಬಿರುಕು ಬಿಟ್ಟ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಳ್ಳಬಾರದು.

ಪಾದದ ಕೀಲು ಉಳುಕಿದಾಗ ಎಲುಬು ಮುರಿದಿದೆಯೇ ಎಂದು ಅಂದಾಜು ಮಾಡಲು ವೈದ್ಯರು ಬಳಸುವ ಸರಳ ದಾರಿಯೊಂದಿದೆ: ನಾಲ್ಕು ಹೆಜ್ಜೆ ಊರಿ ನಡೆಯಲು ಆಗುತ್ತದೆಯೇ, ಮತ್ತು ಹರಡಿನ ಎರಡೂ ಬದಿಯ ಗುಬುಟು ಎಲುಬುಗಳ ಹಿಂಭಾಗವನ್ನು ಬೆರಳಿನಿಂದ ಒತ್ತಿದಾಗ ಜೀವ ಹೋಗುವಂತೆ ನೋಯುತ್ತದೆಯೇ. ನಡೆಯಲಾಗದಿದ್ದರೆ ಅಥವಾ ಅಲ್ಲಿ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಉಳಿದಂತೆ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು, ಕ್ರೇಪ್ ಬ್ಯಾಂಡೇಜನ್ನು ಹದವಾಗಿ ಸುತ್ತಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ಹಿಡಿತಕ್ಕೆ ಬರುತ್ತದೆ. ಐಸ್ ಸಿಗದ ಊರಿನಲ್ಲಿ ಹರವಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯೂ ಆದೀತು. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸುವುದು, ಕಾಲು ಎಳೆದು "ಉಳುಕು ತೆಗೆಸುವುದು" ಬೇಡ. ಒಳಗೆ ಹರಿದ ಸಣ್ಣ ರಕ್ತನಾಳಗಳು ಇನ್ನಷ್ಟು ಹರಿದು ಬಾವು ಹೆಚ್ಚುತ್ತದೆ.

ತರಚು ಗಾಯವಾದರೆ ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ, ಒಳಗೆ ಸೇರಿದ ಹರಳು ಮಣ್ಣು ಪೂರ್ತಿ ಹೋಗುವವರೆಗೆ ತೊಳೆಯಬೇಕು. ಸುಣ್ಣ, ಚಹಾಪುಡಿ, ಕಣದ ಮಣ್ಣು ಯಾವುದನ್ನೂ ತುಂಬಬಾರದು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ದಾಟಿದ್ದರೆ, ಮಣ್ಣು ಸೇರಿದ ಗಾಯಕ್ಕೆ ಮತ್ತೆ ಹಾಕಿಸಿಕೊಳ್ಳುವುದು ಲೇಸು. ಕುಸ್ತಿಯಲ್ಲಿ ಕಿವಿ ಉಜ್ಜಿ ರಕ್ತ ತುಂಬಿ ಉಬ್ಬಿದರೆ, ಅದು ಪೈಲ್ವಾನನ ಗುರುತು ಎಂದು ಬಿಟ್ಟುಬಿಡುವವರಿದ್ದಾರೆ. ಒಂದೆರಡು ದಿನಗಳಲ್ಲಿಯೇ ವೈದ್ಯರಿಂದ ಆ ರಕ್ತ ತೆಗೆಸಿ ಒತ್ತುಪಟ್ಟಿ ಹಾಕಿಸಿದರೆ ಕಿವಿ ಮೊದಲಿನಂತೆ ಉಳಿಯುತ್ತದೆ, ವಾರ ಕಳೆದರೆ ಗಂಟುಗಟ್ಟಿ ಹಾಗೆಯೇ ನಿಲ್ಲುತ್ತದೆ.

ಕಟ್ಟು ಹಾಕಿಸುವ ಮುನ್ನ

ಎಲುಬು ಕಟ್ಟುವವರ ಬಗ್ಗೆ ಬರೆಯದೆ ನಮ್ಮ ಜಿಲ್ಲೆಗಳಲ್ಲಿ ಗಾಯದ ಮಾತು ಪೂರ್ಣವಾಗುವುದಿಲ್ಲ. ಅವರ ಮೇಲೆ ಜನರಿಗಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ನಮ್ಮ ಮನೆಯಲ್ಲಿಯೇ ನಡೆದದ್ದನ್ನು ಹೇಳಬೇಕು. ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ನಾನು ಊರಿನಲ್ಲಿ ಇರಲಿಲ್ಲ. ಮನೆಯವರು ಕಟ್ಟು ಹಾಕಿಸಿಕೊಂಡು ಬಂದಿದ್ದರು. ಬಿದಿರಿನ ದಬ್ಬೆಗಳನ್ನಿಟ್ಟು, ಮೇಲೆ ಮೊಟ್ಟೆಯ ಲೋಳೆ ಸವರಿದ ಬಟ್ಟೆ ಸುತ್ತಿದ್ದ ಆ ಕಟ್ಟು ರಾತ್ರಿಯ ಹೊತ್ತಿಗೆ ಒಣಗಿ ಕಲ್ಲಿನಂತಾಗಿತ್ತು. ನಾನು ಬಂದು ನೋಡಿದಾಗ ಬೆರಳುಗಳು ಉಬ್ಬಿ ಹೊಳೆಯುತ್ತಿದ್ದವು, ಬಳೆಗಳನ್ನು ಮೊದಲೇ ಒಡೆದು ತೆಗೆದಿದ್ದರು. ಉಗುರಿನ ಮೇಲೆ ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ತಿರುಗಿ ಕೆಂಪಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಅವ್ವ ನೋವಿನ ಮಾತೇ ಆಡಲಿಲ್ಲ, "ಬೆರಳು ನನ್ನವು ಅನ್ನಸವಲ್ವು" ಎಂದಷ್ಟೇ ಅಂದಳು. ಆ ಕ್ಷಣವೇ ಕತ್ತರಿಯಿಂದ ಕಟ್ಟನ್ನು ಉದ್ದಕ್ಕೂ ಸೀಳಿ, ಆಸ್ಪತ್ರೆಗೆ ಒಯ್ದೆವು. ಕೈ ಉಳಿಯಿತು.

ಪೆಟ್ಟಾದ ಭಾಗ ಮೊದಲ ದಿನಗಳಲ್ಲಿ ಬಾತೇ ಬಾಯುತ್ತದೆ. ಬಿಗಿಯಾದ ಕಟ್ಟು ಆ ಬಾವಿಗೆ ಜಾಗ ಕೊಡದೆ ರಕ್ತದ ಓಡಾಟವನ್ನೇ ತಡೆದರೆ, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಕೈ ಕಾಲು ಕತ್ತರಿಸಬೇಕಾಗಿ ಬಂದದ್ದೂ ಉಂಟು. ಆಸ್ಪತ್ರೆಯ ಪ್ಲಾಸ್ಟರಿಗೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಯಾರೇ ಕಟ್ಟು ಹಾಕಲಿ, ಅದಕ್ಕೆ ಮೊದಲು ಎಕ್ಸ್‌ರೇ ಆಗಿರಲಿ, ಬೆರಳ ತುದಿಗಳು ಹೊರಗೆ ಕಾಣುವಂತಿರಲಿ, ಮತ್ತು ಮೊದಲ ಎರಡು ದಿನ ಕೆಲವು ಗಂಟೆಗೊಮ್ಮೆ ಮನೆಯವರು ನೋಡುತ್ತಿರಲಿ: ಬೆರಳು ತಣ್ಣಗಾಗಿವೆಯೇ, ಬಿಳಿಚಿವೆಯೇ ಅಥವಾ ನೀಲಿಯಾಗಿವೆಯೇ, ಜೋಮು ಹಿಡಿದಿವೆಯೇ, ಅಲುಗಾಡುತ್ತವೆಯೇ, ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಇದೆಯೇ. ಇವುಗಳಲ್ಲಿ ಒಂದಕ್ಕೆ ಹೌದು ಎನ್ನಬೇಕಾಗಿ ಬಂದರೂ ಅಥವಾ ಬೆರಳು ಅಲುಗಾಡದಿದ್ದರೂ ಬೆಳಗಾಗಲಿ ಎಂದು ಕಾಯಬಾರದು.

ಕಾಯುವ ವಾರಗಳು

ಎಲುಬು ಕೂಡುವುದು ಹೇಗೆಂದು ತಿಳಿದಿದ್ದರೆ ನಾನು ಆರನೆಯ ವಾರ ಸೈಕಲ್ ಹತ್ತುತ್ತಿರಲಿಲ್ಲ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೆತ್ತನೆಯ ಗಂಟೊಂದು ಬೆಳೆದು ತುಂಡುಗಳನ್ನು ಹಿಡಿದಿಡುತ್ತದೆ. ತುಂಡುಗಳು ಅಲುಗಾಡುವುದು ನಿಂತ ಕೂಡಲೇ ನೋವೂ ನಿಲ್ಲುತ್ತದೆ. ಆದರೆ ಆ ಗಂಟು ಸುಣ್ಣದಂಶ ತುಂಬಿಕೊಂಡು ಗಟ್ಟಿ ಎಲುಬಾಗಲು, ದೊಡ್ಡವರ ಕೊರಳೆಲುಬಿಗೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು, ಕಾಲಿನ ದೊಡ್ಡ ಎಲುಬಿಗೆ ಅದಕ್ಕಿಂತ ಹೆಚ್ಚು; ಪೂರ್ತಿ ಮೊದಲಿನ ಆಕಾರಕ್ಕೆ ಬರುವುದಂತೂ ತಿಂಗಳುಗಟ್ಟಲೆಯ ಕೆಲಸ. ಹೊಸದಾಗಿ ಕಟ್ಟಿದ ಗೋಡೆ ನಿಂತಂತೆ ಕಂಡರೂ ಅದಕ್ಕೆ ದಿನವೂ ನೀರು ಹೊಡೆಯುತ್ತೇವೆ, ಹಸಿ ಗೋಡೆಯ ಮೇಲೆ ತೊಲೆ ಏರಿಸುವುದಿಲ್ಲ, ನಾನು ಏರಿಸಿದ್ದೆ.

ಕಾಯುವುದೆಂದರೆ ಹಾಸಿಗೆ ಹಿಡಿಯುವುದು ಎಂದು ಯಾರೂ ತಿಳಿಯಬಾರದು. ಮೈಯ ಒಂದು ಭಾಗಕ್ಕೆ ವಿಶ್ರಾಂತಿ ಬೇಕಾದಾಗ ಉಳಿದ ಭಾಗಗಳಿಗೆ ಕೆಲಸ ಬೇಕು. ಕೈ ಮುರಿದವನು ನಡೆಯಬಹುದು, ಬೈಠಕ್ ಹೊಡೆಯಬಹುದು. ಕಾಲು ಮುರಿದವನು ಕುಳಿತು ತೋಳಿನ ವ್ಯಾಯಾಮ ಮಾಡಬಹುದು. ಕಟ್ಟಿನ ಹೊರಗಿರುವ ಬೆರಳುಗಳನ್ನು ಗಂಟೆಗೊಮ್ಮೆ ಮಡಚಿ ಬಿಚ್ಚಲೇಬೇಕು, ಇಲ್ಲದಿದ್ದರೆ ಎಲುಬು ಕೂಡಿದ ಮೇಲೂ ಕೀಲು ಬಿಗಿದುಕೊಳ್ಳುತ್ತದೆ. ಎರಡನೆಯ ಸಲದ ಶಸ್ತ್ರಚಿಕಿತ್ಸೆಯ ನಂತರ, ವೈದ್ಯರು ಅನುಮತಿ ಕೊಟ್ಟ ದಿನದಿಂದ ನಾನು ಪಡಸಾಲೆಯ ಗೋಡೆಗೆ ಎದುರಾಗಿ ನಿಂತು, ಬಲಗೈಯ ಎರಡು ಬೆರಳುಗಳನ್ನು ಇರುವೆ ಹತ್ತಿದಂತೆ ಗೋಡೆಯ ಮೇಲೆ ನಡೆಸುತ್ತಿದ್ದೆ. ಬೆರಳು ನಿಂತಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಮೊದಲ ಗೆರೆ ಸೊಂಟಕ್ಕಿಂತ ಸ್ವಲ್ಪ ಮೇಲಿತ್ತು. ಕೆಲವು ದಿನ ಗೆರೆ ಹಿಂದಿನ ದಿನದ್ದಕ್ಕಿಂತ ಕೆಳಗಿಳಿಯಿತು, ಒಂದು ವಾರ ಪೂರ್ತಿ ಒಂದೇ ಕಡೆ ನಿಂತಿತು. ಆ ಏರಿಳಿತವನ್ನು ಕಣ್ಣಿನಿಂದ ನೋಡಿದ್ದರಿಂದಲೇ ಒಂದು ದಿನದ ಸೋಲಿಗೆ ಎದೆಗುಂದುವ ಅಭ್ಯಾಸ ತಪ್ಪಿತು.

ಊಟದಲ್ಲಿ ವಿಶೇಷವೇನೂ ಬೇಕಿಲ್ಲ, ಆದರೆ ಕಡಿಮೆಯಾಗಬಾರದು. ಆಟ ನಿಂತಿತೆಂದು ಊಟ ಇಳಿಸುವವರು ಗಾಯ ಮಾಗಲು ಪ್ರೋಟೀನು ಬೇಕೆಂಬುದನ್ನು ಮರೆಯುತ್ತಾರೆ. ರೊಟ್ಟಿಯ ಜೊತೆ ಮಡಿಕೆಕಾಳು, ಹೆಸರುಕಾಳು, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ ಇವು ಸಾಕು. ಬೀಡಿ, ಸಿಗರೇಟು ಸೇದುವವರ ಎಲುಬು ಕೂಡುವುದು ತಡವಾಗುತ್ತದೆ. ತಂಬಾಕು, ಗುಟ್ಕಾಗಳಲ್ಲಿಯೂ ರಕ್ತನಾಳಗಳನ್ನು ಬಿಗಿಯುವ ಅದೇ ನಿಕೋಟಿನ್ ಇದೆ.

ಮನಸ್ಸಿನ ಮಾತು ಬೇರೆ. ಗೆಳೆಯರೆಲ್ಲ ಅಭ್ಯಾಸಕ್ಕೆ ಹೋಗುವ ಹೊತ್ತಿಗೆ ಮನೆಯಲ್ಲಿ ಎಚ್ಚರವಾಗಿ ಮಲಗಿರುವುದಕ್ಕಿಂತ ದೊಡ್ಡ ಶಿಕ್ಷೆ ಆಟಗಾರನಿಗೆ ಇಲ್ಲ. ಅಂಥವನನ್ನು ಮನೆಯಲ್ಲಿ ಬಿಡಬಾರದು ಎಂದು ನಾನು ಉಸ್ತಾದರಲ್ಲಿ, ತರಬೇತುದಾರರಲ್ಲಿ ಕೈಮುಗಿದು ಕೇಳುತ್ತೇನೆ. ಕೈಗೆ ಸ್ಟಾಪ್‌ವಾಚ್ ಕೊಡಿ, ಕಿರಿಯರ ಪಟ್ಟು ತಿದ್ದಲು ಕೂರಿಸಿ, ಅವನ ಜಾಗ ಅವನಿಗೇ ಇದೆ ಎಂದು ಗೊತ್ತಾಗಲಿ.

ಹಟದ ಕಥೆಗಳನ್ನು ಹೇಳುವಾಗಲೂ ಎಚ್ಚರವಿರಬೇಕು. 2002ರಲ್ಲಿ ಆಂಟಿಗಾ ಟೆಸ್ಟಿನಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರು ಎಸೆದು ಬ್ರಯಾನ್ ಲಾರಾ ವಿಕೆಟ್ ಪಡೆದದ್ದನ್ನು ನಮ್ಮ ಹುಡುಗರೆಲ್ಲ ಬಲ್ಲರು. ಅದರ ನಂತರ ಅವರು ಸರಣಿ ಬಿಟ್ಟು ಶಸ್ತ್ರಚಿಕಿತ್ಸೆಗಾಗಿ ಊರಿಗೆ ಮರಳಿದರು ಎಂಬ ಅರ್ಧವನ್ನು ಯಾರೂ ಹೇಳುವುದಿಲ್ಲ.

ಮರಳಿ ಇಳಿಯುವ ಮುನ್ನ

ನೋವು ಅಳತೆಗೋಲಲ್ಲವಾದರೆ ಮತ್ತಾವುದು? ಪೆಟ್ಟಾಗದ ಇನ್ನೊಂದು ಬದಿಯೇ ಅಳತೆ. ಕಾಲು ಉಳುಕಿದ್ದರೆ, ಗೋಡೆಯ ಆಸರೆಯಲ್ಲಿ ಒಂಟಿ ಕಾಲ ಮೇಲೆ ನಿಂತು ಹಿಮ್ಮಡಿಯನ್ನು ಎಷ್ಟು ಸಲ ಎತ್ತಿ ಇಳಿಸಲು ಆಗುತ್ತದೆಂದು ಎರಡೂ ಕಾಲಿನಲ್ಲಿ ಎಣಿಸಿ; ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತೀರಿ ಎಂದು ನೋಡಿ; ಒಂಟಿ ಕಾಲಲ್ಲಿ ಜಿಗಿದ ದೂರವನ್ನು ಅಳೆಯಿರಿ. ಪೆಟ್ಟಾದ ಬದಿ ಇನ್ನೊಂದರ ನೂರಕ್ಕೆ 90 ಭಾಗಕ್ಕಾದರೂ ಬರುವವರೆಗೆ ಸ್ಪರ್ಧೆಯ ಮಾತು ಬೇಡ. ಕೊರಳೆಲುಬಿಗಾದರೆ, ಎಕ್ಸ್‌ರೇ ನೋಡಿ ವೈದ್ಯರು ಒಪ್ಪಬೇಕು, ಎರಡೂ ಕೈ ಸಮನಾಗಿ ಮೇಲೇರಬೇಕು, ದಂಡ ಹೊಡೆಯುವಾಗ ಭಾರ ಒಂದು ಬದಿಗೆ ವಾಲಬಾರದು. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ಗಟ್ಟಿ ನಾರಿನ ಪಟ್ಟಿ) ಹರಿದು ಶಸ್ತ್ರಚಿಕಿತ್ಸೆ ಆದ ಪೈಲ್ವಾನ ಅಥವಾ ಕಬಡ್ಡಿ ಆಟಗಾರ 9 ತಿಂಗಳಿಗೆ ಮುಂಚೆ ಮರಳಿದರೆ ಮತ್ತೆ ಪೆಟ್ಟಾಗುವ ಅಪಾಯ ಬಹಳ ಹೆಚ್ಚು. ಜಾತ್ರೆಯ ಕುಸ್ತಿ ಮುಂದಿನ ವರ್ಷವೂ ಇರುತ್ತದೆ.

ಹೊರೆ ಏರಿಸುವಾಗ ಮರುದಿನದ ಬೆಳಗನ್ನು ಕೇಳಬೇಕು. ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋಯಬಹುದು. ಮರುದಿನ ಎದ್ದಾಗ ನೋವು, ಬಾವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು, ಇಲ್ಲದಿದ್ದರೆ ಒಂದು ಮೆಟ್ಟಿಲು ಏರಬಹುದು. ನೋವಿನ ಮಾತ್ರೆ ನುಂಗಿ ಅಥವಾ ಸೂಜಿ ಚುಚ್ಚಿಸಿಕೊಂಡು ಕಣಕ್ಕಿಳಿದರೆ ಈ ಪ್ರಶ್ನೆಗೆ ಸಿಗುವ ಉತ್ತರವೇ ಸುಳ್ಳಾಗುತ್ತದೆ, ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ತೊಂದರೆ ಬೇರೆ.

ಗಾಯದ ವಹಿ

ನನ್ನ ಹುಡುಗರೆಲ್ಲರ ಬಳಿ ಒಂದು ನೋಟುಬುಕ್ಕು ಇರುತ್ತದೆ. ಪೆಟ್ಟಾದ ದಿನ ಅದರಲ್ಲಿ ಬಿದ್ದ ಕ್ಷಣವನ್ನಷ್ಟೇ ಬರೆಯದೆ, ಅದಕ್ಕೆ ಹಿಂದಿನ ಒಂದು ವಾರವನ್ನು ಬರೆಯಬೇಕು: ನಿದ್ದೆ ಎಷ್ಟಾಗಿತ್ತು, ಅಭ್ಯಾಸ ಎಷ್ಟು ಹೆಚ್ಚಿಸಿದ್ದೆ, ಏನು ಉಂಡಿದ್ದೆ, ಯಾವ ಸಾಮಾನು ಸವೆದಿತ್ತು. ನನ್ನ ಮೊದಲ ಬೀಳುವಿಕೆಯ ಬಗ್ಗೆ ವರ್ಷಗಟ್ಟಲೆ ಟ್ರೇಲರನ್ನೇ ಬೈದುಕೊಂಡಿದ್ದೆ. ದೀಪವಿಲ್ಲದೆ ನಿಲ್ಲಿಸಿದ್ದು ತಪ್ಪೇ. ಆದರೆ ಬರೆಯಲು ಕುಳಿತಾಗ ನೆನಪಾಯಿತು: ಮದುವೆ ಮನೆಯ ಓಡಾಟದಲ್ಲಿ ಸತತ ಮೂರು ರಾತ್ರಿ ನಿದ್ದೆಗೆಟ್ಟಿದ್ದೆ, ಮುಂದಿನ ಟೈರಿನ ಹಲ್ಲು ಪೂರ್ತಿ ಸವೆದಿತ್ತು, ಸೈಕಲ್ಲಿಗೆ ನಾನೂ ದೀಪ ಹಾಕಿರಲಿಲ್ಲ. ಸಂಗ್ರಾಣಿ ಕಲ್ಲು ಎತ್ತುವ ತರುಣನೊಬ್ಬ ತನ್ನ ಬೆನ್ನುನೋವಿನ ಲೆಕ್ಕ ಬರೆದಾಗ, ಮೂರು ಸಲವೂ ಮೈ ಬಿಸಿಯಾಗುವ ಮೊದಲೇ, ಜನ ಸೇರಿದ್ದಾರೆಂದು ದೊಡ್ಡ ಕಲ್ಲಿಗೆ ಕೈ ಹಾಕಿದ್ದು ತಿಳಿಯಿತು. ಒಮ್ಮೆ ಪೆಟ್ಟಾದ ಜಾಗಕ್ಕೆ ಮತ್ತೆ ಪೆಟ್ಟಾಗುವ ಸಂಭವ ಹೆಚ್ಚಿರುವುದರಿಂದ, ಹಳೆಯ ಪುಟಗಳನ್ನು ಪ್ರತಿ ಹಂಗಾಮಿನ ಆರಂಭದಲ್ಲಿ ತಿರುವಿ ನೋಡುವುದು ನಮ್ಮಲ್ಲಿ ಈಗ ರೂಢಿಯಾಗಿದೆ.

ಅವ್ವನ ಪುಟವನ್ನು ನಾನೇ ಬರೆದೆ. ಅದರಲ್ಲಿ ಮೂರು ಸಾಲುಗಳಿದ್ದವು: ಬಚ್ಚಲಿನ ಹಾಸುಗಲ್ಲು ಪಾಚಿಗಟ್ಟಿತ್ತು, ಬಲ್ಬು ಸುಟ್ಟು ಹದಿನೈದು ದಿನವಾಗಿತ್ತು, ಹಿಡಿಯಲು ಗೋಡೆಯ ಮೇಲೆ ಏನೂ ಇರಲಿಲ್ಲ. ವಯಸ್ಸಾದ ಹೆಣ್ಣುಮಕ್ಕಳು ನಿಂತ ನೆಲದ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಎಲುಬು ಸವೆದಿರುವ ಸೂಚನೆ ಅದು, ಮುಂದೆ ಸೊಂಟದ ಕೀಲು ಮುರಿಯುವ ಭಯವಿರುತ್ತದೆ ಎಂದು ವೈದ್ಯರು ಹೇಳಿ ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿದರು, ಔಷಧ ಆರಂಭಿಸಿದರು. ಆ ವಾರವೇ ಕಲ್ಲು ಉಜ್ಜಿಸಿ ಒರಟು ಮಾಡಿಸಿದೆವು, ಬಲ್ಬು ಹಾಕಿದೆವು, ಅವಳ ಎಡಗೈಗೆ ಎಟುಕುವ ಎತ್ತರದಲ್ಲಿ ಕಬ್ಬಿಣದ ಹಿಡಿಕೆ ಕೂರಿಸಿದೆವು. ಪಡಸಾಲೆಯ ಗೋಡೆಯಲ್ಲಿ ನನ್ನ ಪೆನ್ಸಿಲ್ ಗೆರೆಗಳ ಪಕ್ಕದಲ್ಲಿ, ಮಣಿಕಟ್ಟು ಎಷ್ಟು ಮಡಚಿತು ಎಂದು ಅಳೆದ ಅವ್ವನ ಗೆರೆಗಳೂ ಈಗ ಇವೆ.